ಫರ್ನೇಸು ರಿಪೇರಿ ಮತ್ತು ನನ್ನ ಮೂಗು

ಲೇಆಫ್ ಆದ ಇಬ್ಬರು ಕನ್ನಡದ ಎಂಜಿನಿಯರುಗಳು ಈಚೆಗೆ ಬೇರೆ ಬೇರೆಯಾಗಿ ಫೋನ್ ಮಾಡಿ ಒಂದೇ ಮಾತು ಕೇಳಿದರು: "ಅಂಕಲ್, ಆರ್‌ವಿ ರಿಪೇರಿ ಲೈನಿಗೆ ಬರೋಣ ಅಂತಿದೀವಿ. ಹೇಗಿರತ್ತೆ?" ಎಲ್ಲ ನಿವೃತ್ತರಂತೆ ನಾನೂ ಒಬ್ಬೊಬ್ಬರಿಗೆ ಅರ್ಧ ಗಂಟೆ ಕೊಚ್ಚಿಕೊಂಡೆ. ಫೋನ್ ಇಟ್ಟ ಮೇಲೆ ನನ್ನ ಹೆಂಡತಿ ವಿಮಲ, "ಸುಶೀಲಮ್ಮನವರ ವಿಷಯ ಹೇಳಲೇ ಇಲ್ವಲ್ಲ" ಎಂದಳು. ಹೇಳಿರಲಿಲ್ಲ, ನಿಜ. ಮಂಡಿನೋವು ಬಂದು ಕೆಲಸ ಬಿಟ್ಟೆ ಎಂದು ಆಸ್ಟಿನ್ನಿನ ಅರ್ಧ ಕನ್ನಡಿಗರನ್ನು ನಂಬಿಸಿದ್ದೇನೆ. ನನ್ನ ಮಂಡಿ ಗಟ್ಟಿಮುಟ್ಟಾಗಿದೆ. ಈ ಲೈನಿಗೆ ಬರುವವರಿಗೆ ನಿಜವಾದ ಕಾರಣ ಗೊತ್ತಿರಬೇಕು ಅನ್ನಿಸಿ ಬರೆಯಲು ಕೂತಿದ್ದೇನೆ.

ಆರ್‌ವಿ ಎಂದರೆ ಚಕ್ರದ ಮೇಲಿನ ಮನೆ. ಮಂಚ, ಒಲೆ, ಬಚ್ಚಲು ಎಲ್ಲ ಅದರೊಳಗೇ ಇರುತ್ತದೆ. ಅದನ್ನು ಬೆಚ್ಚಗಿಡುವುದು ಮಂಚದ ಕೆಳಗೋ ಕಪಾಟಿನ ಕೆಳಗೋ ಅಡಗಿರುವ, ಪ್ರೊಪೇನ್ ಗ್ಯಾಸಿನಲ್ಲಿ ಉರಿಯುವ ಫರ್ನೇಸು. ಟೆಕ್ಸಸ್‌ನಲ್ಲಿ ಚಳಿ ಎಲ್ಲಿದೆ ಎಂದು ನಗುವವರು ಜನವರಿಯಲ್ಲಿ ಒಮ್ಮೆ ಟೇಲರ್ ಊರಿನ ಬಯಲಿಗೆ ಬರಲಿ. ಅಲ್ಲಿ ಚಿಪ್ ಕಾರ್ಖಾನೆಯ ಕೆಲಸಕ್ಕೆ ಬಂದ ಜನ ಸಾಲುಸಾಲು ಆರ್‌ವಿಗಳಲ್ಲಿ ವಾಸವಾಗಿದ್ದಾರೆ. ಉತ್ತರದ ಗಾಳಿ ಬೀಸಿದ ದಿನ ಅವರಿಗೆಲ್ಲ ಒಟ್ಟಿಗೇ ರಿಪೇರಿಯವನ ನೆನಪಾಗುತ್ತದೆ.

ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಹೂಸ್ಟನ್ನಿನ ಒಂದು ಕಂಪನಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಶಾಖದ ಲೆಕ್ಕ ಹಾಕಿದವನು ನಾನು. ಒಂದು ಪೈಪಿನಿಂದ ಇನ್ನೊಂದಕ್ಕೆ ಎಷ್ಟು ಬಿಸಿ ಹೋಗುತ್ತದೆ ಎಂಬುದನ್ನು ದಶಾಂಶ ಬಿಂದುವಿನ ಆಚೆ ನಾಲ್ಕು ಅಂಕಿಯವರೆಗೆ ಹೇಳಬಲ್ಲವನಾಗಿದ್ದೆ. ಕಂಪನಿ ನಮ್ಮ ಇಲಾಖೆಯನ್ನೇ ಮುಚ್ಚಿದಾಗ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ಗೆ ಶಿಫ್ಟ್ ಆಗಿ, ದೇಶ ಸುತ್ತುವ ಹುರುಪಿನಲ್ಲಿ ಒಂದು ಹಳೆಯ ಆರ್‌ವಿ ಕೊಂಡೆ. ಮೊದಲ ಪ್ರವಾಸದಲ್ಲೇ ಅದರ ಫರ್ನೇಸು ಉರಿಯಲಿಲ್ಲ. ಮೂರು ದಿನ ಬಿಚ್ಚಿದೆ, ಜೋಡಿಸಿದೆ, ಹಾಳೆಯ ಮೇಲೆ ಲೆಕ್ಕ ಹಾಕಿದೆ. ವಿಮಲ ಎರಡು ಸ್ವೆಟರ್ ಹಾಕಿಕೊಂಡು, ಮಾತಾಡದೆ ಕೂತಿದ್ದಳು. ಅವಳು ಮಾತಾಡದೆ ಕೂತರೆ ನನಗೆ ಇನ್ನೂ ಚಳಿ.

ಕೊನೆಗೆ ಟೇಲರ್ ರಸ್ತೆಯ ಒಂದು ರಿಪೇರಿ ಅಂಗಡಿಗೆ ಎಳೆದುಕೊಂಡು ಹೋದೆ. ಅದರ ಒಡತಿ ಡಾರ್ಲೀನ್. ಅರವತ್ತರ ಹೆಂಗಸು, ತಲೆಗೆ ಎಣ್ಣೆಜಿಡ್ಡಿನ ಟೋಪಿ, ಮಾತು ಬಹಳ ಕಡಿಮೆ. ನಾನು ನನ್ನ ಲೆಕ್ಕದ ಹಾಳೆ ತೋರಿಸಲು ಹೋದೆ. ಅವಳು ಅದನ್ನು ನೋಡದೆ ಹೊರಗೆ ಹೋಗಿ, ಫರ್ನೇಸಿನ ಹೊಗೆ ಹೋಗುವ ತೂತಿಗೆ ಒಂದು ಉದ್ದನೆಯ ಇಕ್ಕಳ ಹಾಕಿ ಎಳೆದಳು. ಮುಷ್ಟಿಗಾತ್ರದ ಮಣ್ಣಿನ ಹೆಂಟೆ ಬಂತು. ಕುಂಬಾರಹುಳ ಗೂಡು ಕಟ್ಟಿತ್ತು. ಗ್ಯಾಸಿನ ವಾಸನೆ ಎಂದರೆ ಆ ಹುಳಕ್ಕೆ ಬಹಳ ಪ್ರೀತಿಯಂತೆ. ನಾಲ್ಕೇ ನಿಮಿಷದಲ್ಲಿ ಫರ್ನೇಸು ಹೊತ್ತಿತು. ಅಲ್ಲಿಯೇ ನಿಂತು ಅವಳನ್ನು ಕೆಲಸ ಕೇಳಿದೆ.

"ಎಂಜಿನಿಯರಾ?" ಎಂದಳು.

"ಹೌದು."

"ಅದನ್ನ ಮರೆಯೋಕೆ ಎಷ್ಟು ದಿನ ಬೇಕು?"

ಒಂದು ವರ್ಷ ಹಿಡಿಯಿತು. ಅವಳು ಕಲಿಸಿದ್ದು ಮೂರೇ ಪ್ರಶ್ನೆ. ಗಾಳಿ ಬರುತ್ತಾ? ಕಿಡಿ ಬರುತ್ತಾ? ಬೆಂಕಿ ನಿಲ್ಲುತ್ತಾ? ಥರ್ಮೋಸ್ಟಾಟ್ ತಿರುಗಿಸಿದರೆ ಮೊದಲು ಫ್ಯಾನು ಓಡಬೇಕು. ಅದರ ಗಾಳಿ ಒಂದು ತೆಳ್ಳನೆಯ ತಗಡಿನ ಸ್ವಿಚ್ಚನ್ನು ತಳ್ಳಬೇಕು. ಆ ಸ್ವಿಚ್ಚು ಒಪ್ಪಿದರೆ ಮಾತ್ರ ಗ್ಯಾಸು ಬಿಟ್ಟುಕೊಂಡು ಕಿಡಿ ಹಾರುತ್ತದೆ. ಎಲ್ಲಿ ನಿಂತಿತೋ ಅಲ್ಲಿ ರೋಗ. ಹತ್ತರಲ್ಲಿ ಆರು ಸಲ ರೋಗವೆಂದರೆ ಬ್ಯಾಟರಿ ಸೋತು ಫ್ಯಾನು ನಿಧಾನವಾಗಿರುವುದು, ಅಥವಾ ಆ ಸ್ವಿಚ್ಚಿಗೆ ನಾಯಿಯ ಕೂದಲು ಸುತ್ತಿರುವುದು. ಇಷ್ಟಕ್ಕೆ ಎಂಜಿನಿಯರಿಂಗ್ ಬೇಕಿಲ್ಲ, ತಾಳ್ಮೆ ಬೇಕು. ನನ್ನ ಹತ್ತಿರ ಇದ್ದದ್ದು ಎಂಜಿನಿಯರಿಂಗ್.

ಮರ್ಫಿಯ ಡಾಕ್ಟರರ ಕೇಸು ಕೇಳಿ. ಡಾಲಸ್ ಪಕ್ಕದ ಮರ್ಫಿಯಲ್ಲಿ ನಿವೃತ್ತ ಹೃದಯತಜ್ಞರೊಬ್ಬರಿದ್ದರು, ದಾವಣಗೆರೆಯವರು. ಮನೆಯ ಮುಂದೆ ಬಸ್ಸಿನಷ್ಟು ದೊಡ್ಡ ಆರ್‌ವಿ ನಿಲ್ಲಿಸಿದ್ದರು. ಕನ್ನಡದವನೇ ರಿಪೇರಿ ಮಾಡುತ್ತಾನೆಂದು ತಿಳಿದು, ಅಲ್ಲೇ ಹತ್ತು ಜನ ರಿಪೇರಿಯವರಿದ್ದರೂ ನನ್ನನ್ನೇ ಆಸ್ಟಿನ್‌ನಿಂದ ಕರೆಸಿದರು. ಫ್ಯಾನು ಓಡುತ್ತಿತ್ತು, ಕಿಡಿ ಬರುತ್ತಿತ್ತು, ಬೆಂಕಿ ಇಲ್ಲ. ಡಾಕ್ಟರು ಕೈಕಟ್ಟಿ ನಿಂತು "ಡಯಾಗ್ನೋಸಿಸ್ ಏನು?" ಎಂದರು. ಅವರ ಮುಂದೆ ಸಣ್ಣವನಾಗಬಾರದೆಂದು ಕಂಟ್ರೋಲ್ ಬೋರ್ಡ್ ಹೋಗಿದೆ ಎಂದು ಗಂಭೀರವಾಗಿ ಹೇಳಿದೆ. ಬೋರ್ಡ್ ಹಾಕಿದರೂ ಹೊತ್ತಲಿಲ್ಲ. ಮರುದಿನ ಗ್ಯಾಸ್ ವಾಲ್ವ್ ಎಂದೆ. ಅದನ್ನೂ ಹಾಕಿದೆ. ಆಗ ಡಾಕ್ಟರರ ಹೆಂಡತಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದರು.

"ಸಿಲಿಂಡರ್‌ನಲ್ಲಿ ಗ್ಯಾಸ್ ಇದೆಯಾ ನೋಡಿದ್ರಾ?" ಎಂದರು.

ನಮ್ಮ ಮನೆಯಲ್ಲಿ ಒಲೆ ಆರಿದರೆ ನಮ್ಮಮ್ಮ ಮೊದಲು ಸಿಲಿಂಡರನ್ನು ಅಲ್ಲಾಡಿಸಿ ನೋಡುತ್ತಿದ್ದರು. ಆರನೆಯ ಕ್ಲಾಸಿನಲ್ಲಿ ನನಗೂ ಗೊತ್ತಿದ್ದ ವಿದ್ಯೆ ಅದು. ಟ್ಯಾಂಕಿನ ಮುಳ್ಳು ಅರ್ಧಕ್ಕೆ ನಿಂತಿದ್ದನ್ನು ನೋಡಿ ನಾನು ನಂಬಿದ್ದೆ. ಮುಳ್ಳು ತುಕ್ಕು ಹಿಡಿದು ಅಲ್ಲೇ ಸಿಕ್ಕಿಕೊಂಡಿತ್ತು, ಟ್ಯಾಂಕು ಖಾಲಿ. ಡಾಕ್ಟರು ದೊಡ್ಡ ಮನುಷ್ಯರು, ನಗಲಿಲ್ಲ. "ನಾವೂ ಕೆಲವು ಸಲ ಪೇಷೆಂಟ್ ಉಸಿರಾಡ್ತಿದಾನಾ ಅಂತ ನೋಡೋಕೆ ಮರೀತೀವಿ" ಎಂದು ಸಮಾಧಾನ ಮಾಡಿದರು. ಆ ಸಮಾಧಾನ ಕೇಳಿ ನನಗೆ ಅವರ ಪೇಷೆಂಟುಗಳ ಬಗ್ಗೆ ಚಿಂತೆಯಾಯಿತು. ಡಾರ್ಲೀನ್ ಆ ಎರಡು ದಿನವನ್ನೂ ನನ್ನ ರಜೆಯೆಂದು ಬರೆದುಕೊಂಡಳು.

ಇನ್ನು ಹೂಸ್ಟನ್ ಕೇಸು. ಇದರಿಂದ ನನಗೆ ಹೆಸರು ಬಂತು, ಮುಂದೆ ಕೇಡೂ ಬಂತು. ಅಲ್ಲೊಬ್ಬ ಅಮೆರಿಕನ್ ತನ್ನ ಆರ್‌ವಿಯನ್ನು ಬಾಡಿಗೆಗೆ ಕೊಡುತ್ತಿದ್ದ. ಕನ್ನಡದ ಎರಡು ಸಂಸಾರಗಳು ವಾರ ಸುತ್ತಾಡಿ ಹಿಂತಿರುಗಿಸಿದ ಮೇಲೆ, ಫರ್ನೇಸು ಹಾಕಿದರೆ ಸಾಕು ಗ್ಯಾಸ್ ಸೋರುವ ವಾಸನೆ ಎಂದು ಗಾಬರಿಯಾಗಿದ್ದ. ಪ್ರೊಪೇನಿಗೆ ತನ್ನದೇ ಆದ ವಾಸನೆಯಿಲ್ಲ. ಸೋರಿದರೆ ಜನಕ್ಕೆ ಗೊತ್ತಾಗಲೆಂದು ಗಂಧಕದ ಒಂದು ದುರ್ವಾಸನೆಯನ್ನು ಬೇಕೆಂದೇ ಬೆರೆಸುತ್ತಾರೆ. ನಾನು ಹೋದೆ. ಒಂದೊಂದು ಜೋಡಣೆಗೂ ಸೋಪಿನ ನೀರು ಹಚ್ಚಿದೆ. ಸೋರಿದರೆ ಗುಳ್ಳೆ ಬರಬೇಕು, ಎಲ್ಲೂ ಬರಲಿಲ್ಲ. ಮ್ಯಾನೋಮೀಟರ್ ಎಂಬ ಒತ್ತಡದ ಮೀಟರ್ ಹಾಕಿ ಹದಿನೈದು ನಿಮಿಷ ಕಾದೆ, ಮುಳ್ಳು ಅಲ್ಲಾಡಲಿಲ್ಲ. ಆದರೂ ವಾಸನೆ ಬರುತ್ತಲೇ ಇತ್ತು. ಎರಡು ಗಂಟೆ ನೆಲದ ಮೇಲೆ ತೆವಳಿದ ಮೇಲೆ, ಬಿಸಿಗಾಳಿಯ ಕೊಳವೆಗೆ ಅಂಟಿಕೊಂಡ ಡ್ರಾಯರಿನ ಮೂಲೆಯಲ್ಲಿ ಮುಚ್ಚಳ ಸಡಿಲವಾದ ಒಂದು ಪುಟ್ಟ ಡಬ್ಬಿ ಸಿಕ್ಕಿತು. ಗಟ್ಟಿ ಇಂಗು. ಬಾಡಿಗೆಯವರು ಮರೆತುಹೋಗಿದ್ದರು. ಫರ್ನೇಸು ಬಿಸಿಯಾದಾಗಲೆಲ್ಲ ಅದು ಕರಗಿ ಘಮಘಮಿಸುತ್ತಿತ್ತು. ಅದರಲ್ಲೂ ಗಂಧಕವೇ. ಐವತ್ತು ವರ್ಷ ಒಗ್ಗರಣೆ ತಿಂದ ಮೂಗಿಗೆ ಅದು ಮೊದಲ ಕ್ಷಣಕ್ಕೇ ತಿಳಿಯಬೇಕಿತ್ತು. ಇಂಗು ತಿಂದ ಮಂಗ ಹೇಗಿರುತ್ತದೆ ಎಂದು ಆವತ್ತು ಆರ್‌ವಿಯ ಕನ್ನಡಿಯಲ್ಲಿ ಕಂಡಿತು.

ಆದರೆ ಆ ಅಮೆರಿಕನ್‌ಗೆ ನಾನು ಪವಾಡಪುರುಷನಂತೆ ಕಂಡೆ. ಎಲ್ಲರಿಗೂ ಹೇಳಿದ. ಅಲ್ಲಿಂದ ಮುಂದೆ ಭಾರತೀಯರು ಇಳಿದುಕೊಂಡ ಆರ್‌ವಿಯಲ್ಲಿ ಏನೇ ವಾಸನೆ ಬಂದರೂ ನನಗೇ ಕರೆ. ಅವುಗಳಲ್ಲಿ ಮುಕ್ಕಾಲುಪಾಲು ಇಂಗೋ ಸಾಂಬಾರ್ ಪುಡಿಯೋ ಆಗಿರುತ್ತಿತ್ತು. ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡು "ಮೂರನೇ ಕಪಾಟು" ಎನ್ನುವ ಮಟ್ಟಕ್ಕೆ ಬಂದೆ. ಜನ ಚಪ್ಪಾಳೆ ತಟ್ಟುವುದೊಂದು ಬಾಕಿ. ಡಾರ್ಲೀನ್ ಮಾತ್ರ, "ಮೊದಲು ಸೋಪು, ಆಮೇಲೆ ಮೀಟರು, ಕೊನೆಗೆ ಮೂಗು" ಎಂದು ಪ್ರತಿಸಲ ಹೇಳುತ್ತಿದ್ದಳು. ಅಷ್ಟರಲ್ಲಿ ಗಾಳಿಯಲ್ಲಿ ಗ್ಯಾಸ್ ಇದ್ದರೆ ಕಿರ್ ಎನ್ನುವ ಕೈಯಂತ್ರವೂ ಬಂತು. ಗ್ರಾಹಕರು ಫರ್ನೇಸಿನ ಸದ್ದನ್ನು ಫೋನಿನಲ್ಲಿ ವಿಡಿಯೋ ಮಾಡಿ ಕಳಿಸತೊಡಗಿದರು. ಕಿರಿಯ ಮೆಕ್ಯಾನಿಕ್‌ಗಳು ಅಂಗಡಿಯಲ್ಲೇ ಕೂತು ರೋಗ ಹೇಳುತ್ತಿದ್ದರು. ನಾನು ಕೈಯಂತ್ರವನ್ನು ವ್ಯಾನಿನ ಡ್ರಾಯರಿನಲ್ಲಿಟ್ಟೆ, ಅದರ ಬ್ಯಾಟರಿ ಅಲ್ಲೇ ಸತ್ತಿತು. ನನ್ನ ಮೂಗೇ ಸಾಕು ಎಂಬ ಜಂಭ.

ಆ ಮೂಗು ಒಂದು ಚಳಿಗಾಲದ ಜ್ವರದಲ್ಲಿ ಹೋಯಿತು. ಜ್ವರ ಬಿಟ್ಟಿತು, ಮೈಕೈ ನೋವು ಬಿಟ್ಟಿತು, ವಾಸನೆ ಮಾತ್ರ ಹಿಂತಿರುಗಿ ಬರಲಿಲ್ಲ. ಫಿಲ್ಟರ್ ಕಾಫಿ ಬಿಸಿನೀರಾಯಿತು. ಒಂದು ದಿನ ವಿಮಲ ಹೊರಗೆ ಹೋಗಿದ್ದಾಗ ಒಲೆಯ ಮೇಲೆ ಹುಳಿ ಸೀದು ಕರಕಲಾದರೂ ನಾನು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದೆ. ಅವಳು ಬಂದು ನನ್ನನ್ನೂ ಪಾತ್ರೆಯನ್ನೂ ನೋಡಿ, "ಡಾರ್ಲೀನ್‌ಗೆ ಹೇಳ್ಬಿಡಿ" ಎಂದಳು. "ಸೀಡರ್ ಅಲರ್ಜಿ, ಹೋಗತ್ತೆ" ಎಂದೆ. ಆಸ್ಟಿನ್ನಿನಲ್ಲಿ ಜನವರಿ ಬಂದರೆ ಸೀಡರ್ ಮರದ ಪರಾಗದ ಪುಡಿಗೆ ಅರ್ಧ ಊರಿನ ಮೂಗು ಕಟ್ಟಿರುತ್ತದೆ. ಅಂಗಡಿಯಲ್ಲೂ ಅದನ್ನೇ ಹೇಳಿದೆ. ಸೀಡರ್ ಹೋಗಿ ಬೇಸಿಗೆ ಬಂತು, ಮತ್ತೆ ಚಳಿಗಾಲ ಬಂತು. ನಾನು ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಉಸಿರೆಳೆಯುವ ನಾಟಕವನ್ನು ಮುಂದುವರಿಸಿದೆ. ಈ ಕಪಾಟು ಆ ಕಪಾಟು ಎಂದು ಅಂದಾಜಿನಲ್ಲಿ ಹೇಳುತ್ತಿದ್ದೆ, ಬಹಳ ಸಲ ಸರಿಹೋಗುತ್ತಿತ್ತು. ಮೂಗು ಹೋಯಿತೆಂದು ಒಪ್ಪಿಕೊಂಡರೆ ನನ್ನಲ್ಲಿ ಉಳಿಯುವುದು ಬರೀ ಲೆಕ್ಕದ ಹಾಳೆ ಎಂಬ ಭಯ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ.

ಆ ಚಳಿಗಾಲದಲ್ಲೇ ವಿನಾಯಕ ಕರೆದ. ಧಾರವಾಡದ ಕಡೆಯವನು, ಟೇಲರ್‌ನಲ್ಲಿ ಎಂಜಿನಿಯರ್. ಅವನ ಫ್ಲೂಗರ್‌ವಿಲ್ ಮನೆಯಲ್ಲಿ ಚಳಿಗೆ ನೀರಿನ ಪೈಪು ಒಡೆದು ನೆಲವೆಲ್ಲ ಕಿತ್ತುಹಾಕಿದ್ದರು. ರಿಪೇರಿ ಮುಗಿಯುವವರೆಗೆ ಒಂದು ಬಾಡಿಗೆ ಆರ್‌ವಿಯಲ್ಲಿ ಇದ್ದ. ಜೊತೆಗೆ ಅವನ ತಾಯಿ ಸುಶೀಲಮ್ಮ ಮತ್ತು ಐದು ವರ್ಷದ ಮಗಳು ಆರ್ಯಾ. ಹೆಂಡತಿ ಆಫೀಸಿನ ಕೆಲಸಕ್ಕೆ ವಾರವೆಲ್ಲ ಡಾಲಸ್‌ಗೆ ಹೋಗಿದ್ದಳು. ಫರ್ನೇಸು ಉಸಿರುಗಟ್ಟಿದಂತೆ ಸದ್ದು ಮಾಡಿ ಆರಿಹೋಗುತ್ತಿತ್ತು.

ಶನಿವಾರ ಹೋಗಿ ಫರ್ನೇಸನ್ನು ಹೊರಗೆಳೆದೆ. ಹಿಂದಿನ ಬಾಡಿಗೆಯವರ ನಾಯಿಯ ಕೂದಲು ಒಂದು ದಿಂಬಿಗಾಗುವಷ್ಟು ಬಂತು. ಸ್ವಚ್ಛಮಾಡಿ ಒಳಗೆ ತಳ್ಳಿ, ಗ್ಯಾಸಿನ ನಟ್ಟನ್ನು ಕೈಯಿಂದ ತಿರುಗಿಸುತ್ತಿದ್ದಾಗ ಫೋನ್ ಬಂತು. ಮತ್ತೊಬ್ಬ ಗ್ರಾಹಕ. ಅವನಿಗೆ ಇಂಗಿನ ಕಥೆ ಹೇಳಿ ನಗಿಸಿ ಫೋನ್ ಇಟ್ಟೆ. ಸ್ಪ್ಯಾನರ್ ಹಾಕಿ ಬಿಗಿ ಮಾಡುವುದು ಮರೆತೆ. ಫರ್ನೇಸು ಚೆನ್ನಾಗಿ ಹೊತ್ತಿತು, ನಾನು ಸೋಪಿನ ನೀರಿನ ಬಾಟಲಿ ಮುಟ್ಟಲಿಲ್ಲ. ಅದು ಸಾಲದೆಂಬಂತೆ, ನೆಲದ ಹತ್ತಿರ ಗೋಡೆಗೆ ಕೂಡಿಸಿದ್ದ ಗ್ಯಾಸ್ ಅಲಾರಂ ಸುಶೀಲಮ್ಮನವರು ಒಗ್ಗರಣೆ ಹಾಕಿದಾಗಲೆಲ್ಲ ಕೂಗಿ ಮಗುವನ್ನು ಹೆದರಿಸುತ್ತದೆ ಎಂದು ವಿನಾಯಕ ಹೇಳಿದ. ತಾರೀಕು ಮುಗಿದ ಹಳೆಯ ಅಲಾರಂ ಅದು. "ಹೊಸದು ಬುಧವಾರ ತರ್ತೀನಿ" ಎಂದು ಅದರ ವೈರು ಕಿತ್ತಿಟ್ಟೆ.

ಮಕ್ಕಳೇ, ಈ ಮೇಲಿನ ಪ್ಯಾರಾವನ್ನು ಎರಡು ಸಲ ಓದಿ. ಇದರಲ್ಲಿರುವ ಮೂರು ತಪ್ಪುಗಳಲ್ಲಿ ಯಾವುದನ್ನು ಮಾಡಿದರೂ ನಿಮ್ಮನ್ನು ಕೆಲಸದಿಂದ ತೆಗೆಯಬೇಕು. ನಾನು ಮೂರನ್ನೂ ಒಂದೇ ಗಂಟೆಯಲ್ಲಿ ಮುಗಿಸಿ, ಅವರು ಕೊಟ್ಟ ಚಹಾ ಕುಡಿದು, ವಾಸನೆಯಿಲ್ಲದ ಆ ಚಹಾವನ್ನು ಹೊಗಳಿ ಮನೆಗೆ ಬಂದೆ.

ಸೋಮವಾರ ಮಧ್ಯಾಹ್ನ ಸುಶೀಲಮ್ಮನವರೇ ಫೋನ್ ಮಾಡಿದರು. "ರಾಯರ, ಭಾಳ ವಾಸನಿ ಬರ್ಲಿಕತ್ತದ. ಸ್ವಲ್ಪ ಬಂದು ನೋಡ್ರಿ." ಗ್ಯಾಸ್ ವಾಸನೆ ಎಂದು ಯಾರಾದರೂ ಹೇಳಿದರೆ ಮೊದಲು ಹೇಳಬೇಕಾದ್ದು, ಯಾವ ಸ್ವಿಚ್ಚೂ ಮುಟ್ಟದೆ ಹೊರಗೆ ಬನ್ನಿ, ಸಿಲಿಂಡರ್ ಬಂದ್ ಮಾಡಿ ಎಂದು. ನಾನು "ಬರ್ತೀನಿ ಅಮ್ಮ" ಎಂದಷ್ಟೇ ಹೇಳಿದೆ.

ಹೋದಾಗ ಅವರು ಆರ್‌ವಿಯ ನೆಲದ ಮೇಲೆ ಈಳಿಗೆಮಣೆ ಹಾಕಿಕೊಂಡು ಬದನೆಕಾಯಿ ಹೆಚ್ಚುತ್ತಿದ್ದರು. ಆ ಈಳಿಗೆಮಣೆಯನ್ನು ಧಾರವಾಡದಿಂದ ಸೀರೆಗಳ ನಡುವೆ ಸುತ್ತಿ ಸೂಟ್‌ಕೇಸಿನಲ್ಲಿ ತಂದಿದ್ದರು. ಗ್ಯಾಸಿನ ಒಲೆಯನ್ನು ಅವರು ಮುಟ್ಟುತ್ತಿರಲಿಲ್ಲ, ಅಡುಗೆಯೆಲ್ಲ ಕರೆಂಟಿನ ಒಲೆಯ ಮೇಲೆ. ಫರ್ನೇಸಿನ ಬೆಂಕಿ ಮುಚ್ಚಿದ ಪೆಟ್ಟಿಗೆಯೊಳಗಿನದು, ಆ ಮನೆಯಲ್ಲಿ ತೆರೆದ ಬೆಂಕಿ ಎಂದರೆ ಕೆಳಗಿನ ಕಪಾಟಿನಲ್ಲಿಟ್ಟ ದೇವರ ಮುಂದಿನ ಒಂದು ದೀಪ ಮಾತ್ರ. ವಿನಾಯಕ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಸೀಡರಿಗೆ ಅವನ ಮೂಗು ಕಟ್ಟಿ ಕಣ್ಣು ಕೆಂಪಾಗಿತ್ತು. "ನನಗೇನೂ ಗೊತ್ತಾಗ್ತಿಲ್ಲ ಅಂಕಲ್, ಅವ್ವನೇ ಹೇಳ್ತಿದಾಳೆ" ಎಂದ.

ನಾನು ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಉಸಿರೆಳೆದೆ. ಕಣ್ಣು ತೆರೆದು ನಕ್ಕೆ.

"ಇಂಗು ಅಮ್ಮ. ಡಬ್ಬಿ ಸರಿಯಾಗಿ ಮುಚ್ಚಿ."

"ಇದು ಇಂಗಲ್ರಿ. ಇಂಗಿನ ವಾಸನಿ ಬರ್ತದ, ಹೋಗ್ತದ. ಇದು ನೆಲದ ಮ್ಯಾಲೆ ಕೂತುಬಿಟ್ಟದ. ನಿಂತ್ರ ಇಲ್ಲ, ಕೂತ್ರ ಅದ."

ಪ್ರೊಪೇನ್ ಗಾಳಿಗಿಂತ ಭಾರ. ಸೋರಿದರೆ ನೀರು ನಿಂತ ಹಾಗೆ ನೆಲದಲ್ಲೇ ನಿಲ್ಲುತ್ತದೆ. ಇದನ್ನು ನಾನು ಹೊಸಬರಿಗೆ ಮೊದಲ ದಿನದ ಪಾಠವಾಗಿ ಹೇಳುತ್ತಿದ್ದೆ. ಅದೇ ಪಾಠವನ್ನು ಧಾರವಾಡದ ಹೆಂಗಸೊಬ್ಬರು ಬದನೆಕಾಯಿ ಹೆಚ್ಚುತ್ತ ನನಗೆ ಹೇಳಿದರು. ನಾನು ಹೂಸ್ಟನ್ನಿನ ಕಥೆಯನ್ನು ಅವರಿಗೆ ಹೇಳಿ, ವಿನಾಯಕನನ್ನು ನಗಿಸಿ, ಹತ್ತೇ ನಿಮಿಷದಲ್ಲಿ ಹೊರಟುಬಿಟ್ಟೆ. ಸುಶೀಲಮ್ಮ ನಗಲಿಲ್ಲ.

ಮನೆ ತಲುಪಿ ಬೂಟು ಬಿಚ್ಚುತ್ತಿದ್ದಾಗ ಮತ್ತೆ ಫೋನ್. ಈ ಸಲ ವಿನಾಯಕ, ಸಂಕೋಚದ ದನಿ. "ಅಂಕಲ್, ಸಾರಿ. ಅವ್ವ ನಮ್ಮನ್ನೆಲ್ಲ ಹೊರಗೆ ಕೂರಿಸಿದಾಳೆ. ಸಂಜೆ ಆಯ್ತು, ದೀಪ ಹಚ್ಚಲ್ಲ ಅಂತಾಳೆ. ಅವಳು ದೀಪ ಹಚ್ಚದೇ ಇದ್ದದ್ದು ನಾನು ನೋಡೇ ಇಲ್ಲ." ಹಿಂದಿನಿಂದ ಆರ್ಯಾ "ಅಜ್ಜಿ, ಐಯಾಮ್ ಕೋಲ್ಡ್" ಎನ್ನುವುದು ಕೇಳಿಸಿತು. ಆಮೇಲೆ ಸುಶೀಲಮ್ಮ ಫೋನ್ ತೆಗೆದುಕೊಂಡರು. "ರಾಯರ, ನೀವ ಬಂದು ದೀಪಾ ಹಚ್ಚಿಕೊಡ್ರಿ. ನೀವು ಹಚ್ಚಿದ್ರ ನಾವು ಒಳಗ ಬರ್ತೀವಿ."

ಸಿಟ್ಟು ಬಂತು. ವಾಪಸು ಹೋಗುವಾಗ ದಾರಿಯುದ್ದಕ್ಕೂ ಮುದುಕಿಯರ ಹಟದ ಬಗ್ಗೆ ಗೊಣಗಿದೆ. ದೀಪ ಹಚ್ಚಿ ತೋರಿಸಿ, ಎರಡು ಮಾತು ಹೇಳಿ ಬರುತ್ತೇನೆ ಎಂದು ಲೆಕ್ಕ ಹಾಕಿಕೊಂಡೆ. ನಿಜವಾಗಿಯೂ ಹಚ್ಚುತ್ತಿದ್ದೆ.

ಅವರು ಮೂವರೂ ಹೊರಗಿನ ಮರದ ಬೆಂಚಿನ ಮೇಲೆ ಒಂದೇ ಕಂಬಳಿ ಹೊದ್ದು ಕೂತಿದ್ದರು. ನಾನು ಕೈ ಚಾಚಿ "ಕಡ್ಡಿಪೆಟ್ಟಿಗೆ ಕೊಡಿ" ಎಂದೆ. ಸುಶೀಲಮ್ಮ ಸೆರಗಿನ ಗಂಟು ಬಿಚ್ಚಿದರು. ಕಡ್ಡಿಪೆಟ್ಟಿಗೆ ಬರಲಿಲ್ಲ, ಒಂದು ಹಳದಿ ಡಬ್ಬಿ ಬಂತು. ಮುಚ್ಚಳ ತೆಗೆದು ನನ್ನ ಮೂಗಿನ ಕೆಳಗೆ ಹಿಡಿದರು. ಗಟ್ಟಿ ಇಂಗು, ಆಗಷ್ಟೇ ಮುರಿದದ್ದು. ಒಂದು ಗಜ ದೂರದಲ್ಲಿದ್ದ ಆರ್ಯಾ "ಯಕ್" ಎಂದು ಮೂಗು ಮುಚ್ಚಿಕೊಂಡಳು.

"ಹೆಂಗದ?" ಎಂದರು.

"ಚೆನ್ನಾಗಿದೆ."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಮೂಗಿನ ಹೊಳ್ಳೆ ಅಲ್ಲಾಡಲಿಲ್ಲ, ಕಣ್ಣು ಮಿಟುಕಲಿಲ್ಲ. ಗಟ್ಟಿ ಇಂಗನ್ನು ಅಷ್ಟು ಹತ್ತಿರ ಹಿಡಿದರೆ ಯಾರಿಗಾದರೂ ತಲೆ ಹಿಂದಕ್ಕೆ ಹೋಗುತ್ತದೆ.

"ನಿಮಗ ಇದೂ ಬರವಲ್ದು. ಹೌದಲ್ರಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ವಾದ ಮಾಡುತ್ತಿದ್ದೆನೇನೋ. ವಿನಾಯಕ ನನ್ನ ಕಡೆ ನೋಡಿದ, ಮಗಳನ್ನು ಹತ್ತಿರಕ್ಕೆ ಎಳೆದುಕೊಂಡ. ಅವನು ಹಾಗೆ ಎಳೆದುಕೊಂಡದ್ದು ನನ್ನನ್ನು ಕೊಂದಿತು.

"ಹೌದಮ್ಮ. ಒಂದು ವರ್ಷ ಆಯ್ತು," ಎಂದೆ.

ಮೊದಲು ಹೊರಗಿನ ಸಿಲಿಂಡರ್ ಬಂದ್ ಮಾಡಿದೆ. ಬಾಗಿಲು, ಕಿಟಕಿ ಎಲ್ಲ ತೆರೆದು, ಯಾವ ಸ್ವಿಚ್ಚೂ ಮುಟ್ಟದೆ, ಗಾಳಿಯಾಡಲು ಬಹಳ ಹೊತ್ತು ಬಿಟ್ಟೆ. ಆಮೇಲೆ ಒಳಗೆ ಹೋಗಿ ಮಂಡಿಯೂರಿ ಕೂತು ಆ ನಟ್ಟನ್ನು ಮುಟ್ಟಿದೆ. ಎರಡು ಬೆರಳಿಗೇ ತಿರುಗಿತು. ಎರಡು ದಿನ ಫ್ಯಾನು ಅದುರಿದ್ದಕ್ಕೆ ಇನ್ನಷ್ಟು ಸಡಿಲವಾಗಿತ್ತು. ಬಿಗಿಮಾಡುವ ಮೊದಲು ಹೊರಗೆ ಹೋಗಿ ಸಿಲಿಂಡರನ್ನು ತೆರೆದು, ಒಳಗೆ ಬಂದು ಸೋಪಿನ ನೀರು ಹಚ್ಚಿದೆ, ನನ್ನ ಕಣ್ಣಿಗೆ ಕಾಣಲಿ ಎಂದು. ನೆಲ್ಲಿಕಾಯಿಯಷ್ಟು ದೊಡ್ಡ ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ಎರಡಡಿ ದೂರದಲ್ಲಿ ದೇವರ ಕಪಾಟು. ಅದರಲ್ಲಿ ಎಣ್ಣೆ ಹಾಕಿ ಬತ್ತಿ ಹೊಸೆದಿಟ್ಟ ದೀಪ.

ಹೊರಗೆ ಬಂದು ಸಿಲಿಂಡರನ್ನು ಮತ್ತೆ ಬಂದ್ ಮಾಡಿ, ಅವರೆಲ್ಲರ ಎದುರಿಗೇ ಡಾರ್ಲೀನ್‌ಗೆ ಫೋನ್ ಮಾಡಿದೆ. ನಟ್ಟು, ಅಲಾರಂ, ಮೂಗು, ಮೂರನ್ನೂ ಹೇಳಿದೆ. ಹನ್ನೊಂದು ವರ್ಷದಲ್ಲಿ ಅವಳು ನನ್ನನ್ನು ಬೈದದ್ದಕ್ಕೆ ಲೆಕ್ಕವಿಲ್ಲ, ಆ ದಿನ ಬೈಯಲಿಲ್ಲ.

"ಅಲಾರಂ ನಾನೇ ಈಗ ತರ್ತೀನಿ. ಕೆಲಸ ಸರಿಯಾಗಿ ಮುಗಿಸು. ಆಮೇಲೆ ವ್ಯಾನಿನ ಕೀ ನನ್ನ ಕೈಗೆ ಕೊಡು," ಎಂದಳು.

ಇಪ್ಪತ್ತು ನಿಮಿಷದಲ್ಲಿ ಬಂದಳು. ಹೊಸ ಅಲಾರಂ ಕೂಡಿಸಿದೆವು. ನಟ್ಟನ್ನು ಸ್ಪ್ಯಾನರ್ ಹಾಕಿ ಬಿಗಿಮಾಡಿದೆ, ಸೋಪು ಹಚ್ಚಿದೆ, ಮೀಟರ್ ಹಾಕಿ ಹದಿನೈದು ನಿಮಿಷ ಕಾದೆ. ಸಾಲದೆಂದು ಇನ್ನೊಂದು ಹದಿನೈದು ನಿಮಿಷ ಕಾದೆ. ಡಾರ್ಲೀನ್ ತನ್ನ ಕೈಯಂತ್ರ ಹಿಡಿದು ನೆಲದುದ್ದಕ್ಕೂ ಓಡಿಸಿದಳು. ಅದು ಸುಮ್ಮನಿತ್ತು. ಅವಳು ಕೀ ತೆಗೆದುಕೊಂಡು, ತನ್ನ ಟ್ರಕ್ಕಿನಲ್ಲಿ ನನಗೋಸ್ಕರ ಕಾಯುತ್ತ ಕೂತಳು.

ನಾನು ಸುಶೀಲಮ್ಮನವರಿಗೆ ಕೈಮುಗಿದು, "ಈಗ ಏನೂ ಭಯವಿಲ್ಲ ಅಮ್ಮ, ಒಳಗೆ ಹೋಗಿ ದೀಪ ಹಚ್ಚಿ" ಎಂದು ಹೇಳಿ ಹೊರಡಲು ತಿರುಗಿದೆ.

"ಎಲ್ಲಿ ಹೊಂಟ್ರಿ?" ಎಂದರು. "ಮಗಾ, ಮೊಮ್ಮಗಳು ಹೊರಗ ಇರ್ಲಿ. ನೀವು ಒಳಗ ಬರ್ರಿ. ನನ್ನ ಬಾಜೂಕ ಕೂಡ್ರಿ."

ಹೋಗಿ ಕೂತೆ. ನೆಲದ ಮೇಲೆ, ಅವರ ಪಕ್ಕದಲ್ಲಿ, ದೇವರ ಕಪಾಟಿನ ಎದುರು. ಎರಡು ಮೀಟರು ಸರಿಯಿದೆ ಎಂದು ಹೇಳಿದ್ದವು, ಸೋಪು ಹೇಳಿತ್ತು, ಅಲಾರಮ್ಮಿನ ಹಸಿರು ದೀಪ ಉರಿಯುತ್ತಿತ್ತು. ಆದರೂ ಬಾಗಿಲು ಎಷ್ಟು ಹೆಜ್ಜೆ ದೂರ ಎಂದು ನನ್ನ ಕಣ್ಣು ಅಳೆಯುತ್ತಿತ್ತು. ಹನ್ನೊಂದು ವರ್ಷದಲ್ಲಿ ಎಷ್ಟೋ ಮನೆಗಳಲ್ಲಿ "ಏನೂ ಭಯವಿಲ್ಲ" ಎಂದು ಹೇಳಿ ವ್ಯಾನು ಹತ್ತಿದ್ದೆ. ಹಾಗೆ ಹೇಳಿದ ಮೇಲೆ ಒಳಗೆ ಕೂತದ್ದು ಅದೇ ಮೊದಲು. ಸುಶೀಲಮ್ಮ ಮೂಗಿನ ತುದಿಯನ್ನು ನೆಲದ ಹತ್ತಿರಕ್ಕೆ ತಂದು ಒಮ್ಮೆ ಉಸಿರೆಳೆದರು. ತಲೆಯಾಡಿಸಿ, ಕಡ್ಡಿಪೆಟ್ಟಿಗೆ ತೆಗೆದರು.

ಅವರು ಕಡ್ಡಿ ಗೀರಿದಾಗ ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ದೀಪ ಉರಿಯುತ್ತಿತ್ತು. ಅವರು ಕೈಮುಗಿದು ಕೂತಿದ್ದರು, ಅವರ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು, ಅವರದೂ ನಡುಗುತ್ತಿತ್ತು.